ಪೋಲ್ಕಾ ಹಡಗಿನ ಒಳಕೋಣೆ

ಹಳದಿ ಕಾರ್ಡಿನ ಮೇಲೆ ಹತ್ತು ಪ್ರಶ್ನೆಗಳಿದ್ದವು. ತಲೆಬರಹದಲ್ಲಿ ದಪ್ಪಕ್ಷರದಲ್ಲಿ 'ಪೋಲ್ಕಾ ಹಡಗು ನಿಮಗೆ ಒಗ್ಗುತ್ತದೆಯೇ?' ಎಂದಿತ್ತು. ಬ್ರೋನ್ಯಾ ಆರನೆಯದಕ್ಕೆ ಬಂದು ನಿಂತು ಹತ್ತು ನಿಮಿಷವಾಗಿತ್ತು. ಮೊದಲ ಐದಕ್ಕೆ ಪೆನ್ಸಿಲ್ ತಾನಾಗಿ ಓಡಿತ್ತು. ಬೆಳಗಿನ ಕಾಫಿಯಿಂದ ಹಿಡಿದು ಮಲಗುವ ತನಕ ಪೋಲ್ಕಾ ಕುಣಿತದ ವಾದ್ಯ ಕೇಳಬಲ್ಲಿರಾ? ಕೇಳದೆ ಏನು, ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ಕೆಂಪು ಬಿಳಿ ಅಂಗಿ ತೊಟ್ಟು ಎಲ್ಲರೊಂದಿಗೆ ಫೋಟೋಕ್ಕೆ ನಿಲ್ಲಬಲ್ಲಿರಾ? ನಿಂತರಾಯಿತು. ಆರನೆಯದು ಹೀಗಿತ್ತು: 'ಏಳು ದಿನ ಒಂದೇ ಕೋಣೆಯಲ್ಲಿ ನಿಮ್ಮ ಜೊತೆಗಾರರ ಮುಂದೆ ಸಂಕೋಚವಿಲ್ಲದೆ ಇರಬಲ್ಲಿರಾ?' ಕೇಳಿದವರ ಮನಸ್ಸಿನಲ್ಲಿ ಇದ್ದದ್ದು ಬಚ್ಚಲು, ಗೊರಕೆ, ರಾತ್ರಿ ಲೋಟದಲ್ಲಿ ತೆಗೆದಿಡುವ ಹಲ್ಲಿನ ಸೆಟ್ಟು, ಅಷ್ಟೇ. ಅದು ಅವಳಿಗೂ ಗೊತ್ತು. ಆದರೂ ಯಾರೋ ತನ್ನ ಮೈಮೇಲಿನ ಬಟ್ಟೆ ಸರಿಸಿ ನೋಡಿದ ಹಾಗಾಗಿ ಕಾರ್ಡನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಪರೀಕ್ಷೆ ಬರೀತಿದೀಯಾ ಏನೇ? ಕೈ ಅಡ್ಡ ಇಟ್ಕೊಂಡು!" ಎಂದಳು ಪಕ್ಕದಲ್ಲಿದ್ದ ಫೆಲಾ. ಫೆಲಾ ಬ್ರೋನ್ಯಾಳ ಗಂಡನ ಅಕ್ಕ. ಎಪ್ಪತ್ತೆರಡು ದಾಟಿದವಳು, ಮದುವೆಯಾಗದವಳು, ಹೆಗಲು ಗಂಡಸಿನದು. ಹತ್ತಕ್ಕೆ ಹತ್ತೂ 'ಹೌದು' ಎಂದು ಗೀಚಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೂತಿದ್ದಳು. "ನಂದು ಮುಗೀತು. ನಿಂದು ಕೊಡು, ನಾನೇ ತುಂಬ್ತೀನಿ. ನಿನ್ ವಿಷ್ಯ ನಿನಗಿಂತ ನಂಗೇ ಚೆನ್ನಾಗಿ ಗೊತ್ತು."

ಪೋಲೆಂಡಿನಿಂದ ಬಂದವರ ಚರ್ಚಿನ ಕೆಳಗಿನ ನೆಲಮಾಳಿಗೆಯ ಸಭಾಂಗಣ ಅದು. ಸೂರು ತಲೆಗೆ ತಾಗುವಷ್ಟು ತಗ್ಗು. ಗೋಡೆಯ ಮೇಲ್ತುದಿಯಲ್ಲಿದ್ದ ಗಿಡ್ಡ ಕಿಟಕಿಗಳಲ್ಲಿ ಹೊರಗೆ ನಿಲ್ಲಿಸಿದ ಕಾರುಗಳ ಚಕ್ರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಮೆರಿಕದ ಚಳಿಯೂರು ಬಫಲೋದಲ್ಲಿ ಅಕ್ಟೋಬರ್ ಬಂತೆಂದರೆ ಜನಕ್ಕೆ ಹಿಮದ ಮಾತು ಬಿಟ್ಟರೆ ಬಿಸಿಲಿನ ಫ್ಲಾರಿಡಾದ ಮಾತು. ಹುಳಿ ಎಲೆಕೋಸು, ಈರುಳ್ಳಿಯಲ್ಲಿ ಬಾಡಿಸಿದ ಕೆಲ್ಬಾಸಾ ಸಾಸೇಜು, ಬೆಣ್ಣೆಯಲ್ಲಿ ಮುಳುಗಿದ ಪಿಯೆರೋಗಿ ಕಡುಬು, ಎಲ್ಲದರ ವಾಸನೆ ಕಲೆತು ಉಣ್ಣೆಯ ಕೋಟುಗಳಿಗೆ ಅಂಟಿಕೊಂಡಿತ್ತು. ಪ್ರವಾಸದ ಆಫೀಸಿನ ಮಾರ್ಸೆಲಾ ಬಿಳಿ ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರ ತೋರಿಸುತ್ತಿದ್ದಳು. ಹಡಗಿನ ಮೇಲಟ್ಟದಲ್ಲಿ ಬಿಸಿಲಿಗೆ ಕೆಂಪಾದ ಮುದುಕ ಮುದುಕಿಯರು ಕುಣಿಯುತ್ತಿದ್ದರು. ಹಿಂದೆ ಸಮುದ್ರ ನೀಲಿಯಾಗಿ ಸುಮ್ಮನೆ ಬಿದ್ದಿತ್ತು. ಎದುರಿನ ಮೇಜಿನಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಬೋಲೆಕ್ ಬಾಯ್ತುಂಬ ತುಂಬಿಕೊಂಡೇ ಕೂಗಿದ: "ಮಾರ್ಸೆಲಾ, ಈ ಹೆಂಗಸರ ಕಾಟ ತಡೀಲಾರದೆ ಯಾರಾದ್ರೂ ನೀರಿಗೆ ಹಾರಿದ್ರೆ ಬ್ಯಾಂಡು ನಿಲ್ಲುತ್ತಾ?" ಮಾರ್ಸೆಲಾ ಹೇಳಿದಳು: "ನಿಲ್ಲಲ್ಲ ಬೋಲೆಕ್. ನೀನು ಹಾರಿದ್ರೆ ಇನ್ನೂ ಜೋರಾಗಿ ಬಾರಿಸ್ತಾರೆ." ಎಲ್ಲರೂ ನಕ್ಕರು. ಬ್ರೋನ್ಯಾ ಒಂದು ಗಳಿಗೆ ತಡವಾಗಿ ನಕ್ಕಳು. ಆ ತಡ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಳು. ಫೆಲಾ ಮಾತ್ರ ಅವಳ ಕಡೆ ತಿರುಗಿ ನೋಡಿ, ತನ್ನ ತಟ್ಟೆಯ ಕೊನೆಯ ಪಿಯೆರೋಗಿಯನ್ನು ಅವಳ ತಟ್ಟೆಗೆ ದಾಟಿಸಿದಳು.

ಇದೇ, ಇದೇ ತಡೆಯಲಾಗದ್ದು. ಮೂರು ವರ್ಷದಿಂದ ಈ ದಾಟಿಸುವುದು ನಡೆದೇ ಇದೆ. ಹಿಮ ಬಿದ್ದ ಬೆಳಗ್ಗೆ ಬ್ರೋನ್ಯಾ ಏಳುವ ಮೊದಲೇ ಅವಳ ಮನೆಯ ಮುಂದಿನ ದಾರಿ ಸ್ವಚ್ಛವಾಗಿರುತ್ತಿತ್ತು. ಡಾಕ್ಟರ ಹತ್ತಿರ, ಮಾರ್ಕೆಟ್ಟಿಗೆ, ಗಂಡ ಜಿಗ್ಗಿಯ ಸಮಾಧಿಗೆ, ಎಲ್ಲಿಗಾದರೂ ಫೆಲಾಳ ಹಳೆಯ ಕಾರು ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ಈಗ ಈ ಹಡಗು. ತಾನು ಕೇಳಲಿಲ್ಲ, ಬಯಸಲೂ ಇಲ್ಲ. 'ನಿನ್ ಹೆಸರೂ ಬರೆಸಿದೀನಿ, ಒಂದೇ ರೂಮು' ಎಂದು ಫೆಲಾ ಫೋನಿನಲ್ಲಿ ಹೇಳಿದಾಗ 'ಅಯ್ಯೋ ಯಾಕೆ' ಎನ್ನುವುದರ ಬದಲು 'ಥ್ಯಾಂಕ್ಸ್ ಕಣೇ' ಎಂದುಬಿಟ್ಟಿದ್ದಳು. ಮಾಡದ ತಪ್ಪನ್ನು ಮಾಡಿದೆನೆಂದು ನಂಬಿಕೊಂಡು, ಅದನ್ನು ತೊಳೆದುಕೊಳ್ಳಲು ಹೆಣಗುತ್ತಿರುವವಳ ಮುಂದೆ ಮತ್ತೇನು ಹೇಳುವುದು? ಕೋಣೆ ಹಡಗಿನ ಒಳಭಾಗದ್ದು, ಕಿಟಕಿ ಇಲ್ಲ. ಎರಡು ಮಂಚಗಳ ನಡುವೆ ಒಂದು ಮೊಳ ಜಾಗ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲವಂತೆ. ಆ ಕತ್ತಲಲ್ಲಿ ಫೆಲಾಳ ಉಸಿರು ಕೇಳುತ್ತ ಏಳು ರಾತ್ರಿ. ದೇವರೇ.

"ಇದು ನಾಲ್ಕನೇ ದಿನ!" ಮಾರ್ಸೆಲಾಳ ದನಿ ಏರಿತು. "ನಮ್ಮ ಹಡಗಿನ ವಿಶೇಷಾನೇ ಇದು. ಈಸ್ಟರ್ ಬರೋ ಮೊದ್ಲೇ ನಡುಸಮುದ್ರದಲ್ಲಿ ಡಿಂಗಸ್ ಹಬ್ಬ! ವಿಲೋ ಕಡ್ಡಿಗಳನ್ನ ಐಸ್ ಪೆಟ್ಟಿಗೇಲಿ ಇಲ್ಲಿಂದ್ಲೇ ಒಯ್ತೀವಿ. ನೀರಿನ ಪಿಸ್ತೂಲು ಹಡಗಿನವರೇ ಕೊಡ್ತಾರೆ. ಅವತ್ತು ಕೋಣೇಲಿ ಕೂರೋ ಹಾಗಿಲ್ಲ, ಬಾಗಿಲು ತಟ್ಟಿ ಎಳ್ಕೊಂಡು ಬರ್ತೀವಿ!"

ಪರದೆಯ ಮೇಲೆ ಒಬ್ಬ ಮುದುಕ ಒಬ್ಬ ಮುದುಕಿಯ ಮೀನಖಂಡಕ್ಕೆ ವಿಲೋ ಕಡ್ಡಿಯಿಂದ ಹೊಡೆಯುತ್ತಿದ್ದ. ಅವಳು ಒದ್ದೆ ಕೂದಲಲ್ಲಿ ಬಾಯಿ ಅಗಲಿಸಿ ನಗುತ್ತಿದ್ದಳು. ಕಡ್ಡಿಯ ತುಂಬ ಬೆಕ್ಕಿನ ಮರಿಯ ಮೈಯಂಥ ನಯವಾದ ಬೂದು ಮೊಗ್ಗುಗಳು. ಡಿಂಗಸ್ ಎಂದರೆ ಈಸ್ಟರ್ ಮರುದಿನದ ಸೋಮವಾರ, ನೀರೆರಚಿ ಕಡ್ಡಿಯಲ್ಲಿ ಹೊಡೆದು ಆಡುವ ಹಬ್ಬ. ಮೂರು ವರ್ಷದ ಹಿಂದೆ ಆ ದಿನ ಅಂಥದೇ ಒಂದು ಕಟ್ಟು ಬ್ರೋನ್ಯಾಳ ಕೈಚೀಲದಲ್ಲಿತ್ತು. ಊರಿಗೆ ಊರೇ ಬೀದಿಯಲ್ಲಿತ್ತು. ಜಿಗ್ಗಿ 'ನಂಗೆ ಸ್ವಲ್ಪ ಎದೆ ಹಿಡಿದ ಹಾಗಿದೆ, ನೀವು ಹೋಗಿ' ಎಂದು ಮನೆಯಲ್ಲೇ ಉಳಿದಿದ್ದ. ಅವನಿಗೆ ಯಾವಾಗ ಎದೆ ಹಿಡಿದಿರಲಿಲ್ಲ? ಅವಳು ಕುಣಿಯಲು ಹೊರಟ ದಿನವೆಲ್ಲ ಅವನಿಗೆ ಏನಾದರೊಂದು ಹಿಡಿದಿರುತ್ತಿತ್ತು. ಹೋಗಬೇಡ ಎನ್ನುತ್ತಿರಲಿಲ್ಲ, ಪಾಪ. ಹೋದಮೇಲೆ ಫೋನು ಮಾಡುತ್ತಿದ್ದ. ಸಾಸಿವೆ ಡಬ್ಬಿ ಎಲ್ಲಿ, ಟೀವಿಯ ಗುಂಡಿ ಯಾವುದು, ಬೆಕ್ಕು ಒಳಗಿದೆಯೋ ಹೊರಗಿದೆಯೋ. ನಲವತ್ತೊಂದು ವರ್ಷದಲ್ಲಿ ಅವಳು ಒಂದು ಮಧ್ಯಾಹ್ನವನ್ನಾದರೂ ಇಡಿಯಾಗಿ ಕುಣಿದಿದ್ದುಂಟೇ? ಅವತ್ತು ಇದೇ ಸಭಾಂಗಣದಲ್ಲಿ, ಅಕಾರ್ಡಿಯನ್ ವಾದ್ಯದ ದನಿ ತಾರಕಕ್ಕೆ ಏರಿದ್ದಾಗ, ಕೈಚೀಲ ಅದುರಿತು. ತೆರೆದು ನೋಡಿದಳು. ಕಡ್ಡಿಗಳ ನಡುವೆ ಫೋನು ಮಿನುಗುತ್ತಿತ್ತು: ಮನೆ. ಹುಡುಕಿಕೋ ನೀನೇ, ಎಂದುಕೊಂಡಳು. ಸಿಟ್ಟಿನಿಂದಲ್ಲ, ಖುಷಿಯಿಂದ. ಅದೇ ಮರೆಯಲಾಗದ್ದು, ಆ ಖುಷಿ. ಫೋನನ್ನು ಕಡ್ಡಿಗಳ ಕೆಳಗೆ ತಳ್ಳಿ ಚೀಲ ಮುಚ್ಚಿದಳು. "ಯಾರೇ ಅದು?" ಎಂದು ಫೆಲಾ ಕೇಳಿದ್ದಕ್ಕೆ "ಯಾರೂ ಇಲ್ಲ" ಎಂದು ಅವಳ ಕೈ ಹಿಡಿದುಕೊಂಡು ಮತ್ತೆ ಸಭಾಂಗಣದ ನಡುವಿಗೆ ನಡೆದಳು. ಆಮೇಲೆ ಎರಡು ಹಾಡಿಗೆ ಕುಣಿದದ್ದು ಅವಳ ಬಾಳಿನಲ್ಲೇ ಚಂದದ ಕುಣಿತ.

ಪಕ್ಕದ ಮನೆಯವರು ಬಾಗಿಲು ಒಡೆದು ನೋಡುವಾಗ ಅವನು ಅಡುಗೆಮನೆಯ ನೆಲದ ಮೇಲಿದ್ದನಂತೆ, ಗೋಡೆಯ ಫೋನು ತಂತಿಯಲ್ಲಿ ತೂಗುತ್ತಿತ್ತಂತೆ. ನಾಲ್ಕು ಸಲ ಮಾಡಿದ್ದ. ಆಸ್ಪತ್ರೆಯ ಶೌಚಾಲಯದಲ್ಲಿ ನಿಂತು ಬ್ರೋನ್ಯಾ ತನ್ನ ಫೋನಿನಿಂದ ಆ ನಾಲ್ಕು ಕರೆಗಳನ್ನೂ ಅಳಿಸಿಹಾಕಿದಳು. ಹೊರಗೆ ಬಂದಾಗ ಮಗಳು ಡಾನೂಟ ಗೋಡೆಗೆ ಒರಗಿ ನಿಂತಿದ್ದಳು. "ಯಾಕಮ್ಮ ಎತ್ತಲಿಲ್ಲ?" ಎಂದಳು. ಬ್ರೋನ್ಯಾಳ ಬಾಯಿ ಅವಳ ಅಪ್ಪಣೆಗೆ ಕಾಯಲಿಲ್ಲ. "ಫೋನು ಕೋಟಿನ ಜೇಬಲ್ಲಿತ್ತು. ನಾನು ನಾಲ್ಕಕ್ಕೇ ಹೊರಟಿದ್ದೆ. ಫೆಲಾನೇ ಇನ್ನೊಂದ್ ಹಾಡು ಅಂತ ಹಿಡ್ಕೊಂಡಳು." ಎರಡು ಹೆಜ್ಜೆ ಹಿಂದೆ ಫೆಲಾ ನಿಂತಿದ್ದಳು, ಕೈಯಲ್ಲಿ ತಮ್ಮನ ಚಪ್ಪಲಿ. ತಲೆ ತಗ್ಗಿಸಿದಳು. ಅಂದಿನಿಂದ ಡಾನೂಟ ಫೆಲಾ ಅತ್ತೆಯ ಜೊತೆ ಮಾತಾಡಿಲ್ಲ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ತಾಯಿಗೆ ಫೋನು ಮಾಡುತ್ತಾಳೆ. ಆ ಸಮಯಕ್ಕೆ ಬ್ರೋನ್ಯಾ ಎಲ್ಲಿದ್ದರೂ ಎದ್ದು ಮರೆಗೆ ಹೋಗುತ್ತಾಳೆ, ಫೆಲಾಳ ಕೆಮ್ಮು ಆಚೆಗೆ ಕೇಳಬಾರದಲ್ಲ. ಇವತ್ತೂ ಭಾನುವಾರ, ಗೋಡೆಯ ಗಡಿಯಾರದಲ್ಲಿ ಈಗ ಮೂರೂಮುಕ್ಕಾಲು.

"ಫೆಲಾ," ಎಂದಳು. "ಹಡಗು ಹೊರಡೋದು ಈಸ್ಟರ್ ಮುಂಚಿನ ತಪಸ್ಸುಕಾಲದಲ್ಲಿ ಅಲ್ವಾ? ಬೂದಿ ಬುಧವಾರ ಆದ್ಮೇಲೆ, ಉಪವಾಸದ ದಿನಗಳಲ್ಲಿ ಕುಣಿಯೋದಾ? ನಮ್ಮಮ್ಮ ಇದ್ದಿದ್ರೆ ಮನೆಯೊಳಗೆ ಸೇರಿಸ್ತಿರ್ಲಿಲ್ಲ."

"ನಿಮ್ಮಮ್ಮ ಇದ್ದಿದ್ರೆ ಈಗ ನೂರಾ ಎಂಟು ವರ್ಷ, ಅವಳನ್ನೂ ಕರ್ಕೊಂಡ್ ಹೋಗ್ತಿದ್ದೆ. ಹಡಗಲ್ಲಿ ಫಾದರ್ ಇರ್ತಾರೆ ಮಾರಾಯ್ತಿ. ದಿನಾ ಬೆಳಗ್ಗೆ ಪೋಲ್ಕಾ ಪೂಜೆ. ದೇವರ ಮುಂದೇನೇ ಅಕಾರ್ಡಿಯನ್ ನುಡಿಸ್ತಾರೆ, ಇನ್ನು ತಪಸ್ಸುಕಾಲ ಎಲ್ಲಿಂದ ಬಂತು?"

"ನಂಗೆ ಹಡಗಲ್ಲಿ ವಾಂತಿ ಬರುತ್ತೇನೋ."

"ಬಕೆಟ್ ಹಿಡೀತೀನಿ."

"ಬೆಕ್ಕು?"

"ಬೋಲೆಕ್ ತಂಗಿ ನೋಡ್ಕೋತಾಳೆ, ಕೇಳಾಗಿದೆ." ಫೆಲಾ ನಕ್ಕಳು. ಆಮೇಲೆ ನಗು ಸಣ್ಣದಾಯಿತು. "ಅದ್ಸರಿ, ಒಂದ್ ತೋರಿಸ್ಬೇಕಿತ್ತು." ಚೀಲದೊಳಗಿಂದ ರಟ್ಟಿನ ಮಡಿಕೆ ತೆಗೆದು, ಅದರೊಳಗಿಂದ ಒಂದು ಕೆಂಪು ಕಾಗದವನ್ನು ಬಲು ನಿಧಾನವಾಗಿ ಬಿಡಿಸಿ ಮೇಜಿನ ಮೇಲೆ ಹರಡಿದಳು. ಕಾಗದವನ್ನು ನಡುವೆ ಮಡಿಚಿ ಕತ್ತರಿಸಿ ಮಾಡಿದ ಹುಂಜಗಳು, ಅಜ್ಜಿಯರ ಕಾಲದಿಂದ ಈಸ್ಟರಿಗೆ ಕಿಟಕಿಗೆ ಅಂಟಿಸುವಂಥವು. ಎರಡು ಹುಂಜ ಮುಖಾಮುಖಿಯಾಗಿ ನಿಂತಿದ್ದವು, ಒಂದೊಂದು ಗರಿಯೂ ಕೂದಲೆಳೆಯಷ್ಟು ಸಣ್ಣದು. ಕೆಳಗೆ ಎಡಕ್ಕೆ 'ಬ್ರೋನ್ಯಾ', ಬಲಕ್ಕೆ 'ಫೆಲಾ'. "ಹಡಗಲ್ಲಿ ಪ್ರತಿ ಕೋಣೆ ಬಾಗಿಲಿಗೂ ಹಾಕ್ತಾರಂತೆ, ಹೆಸರು ಬರೆದು. ಫೋಟೋ ತೆಗೆದು ಊರಿಗೆಲ್ಲ ಕಳಿಸ್ತಾರಂತೆ. ಎರಡ್ ತಿಂಗಳು ಹಿಡೀತು ಇದಕ್ಕೆ. ಕೈ ನಡುಗುತ್ತೆ ಈಗ. ಮೂರು ಹಾಳಾದ್ವು."

ಆ ನಡುಗುವ ಕೈಗಳು ಕತ್ತರಿ ಹಿಡಿದದ್ದು ಬ್ರೋನ್ಯಾಳ ಕಣ್ಣ ಮುಂದೆ ಬಂತು. ಫೋಟೋ ಡಾನೂಟಳ ಕಣ್ಣಿಗೆ ಬೀಳುವುದೂ ಬಂತು. ಇನ್ನು ಒಂದೇ ದಾರಿ ಎಂದುಕೊಂಡಳು. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರೆ? ನಿನ್ನ ತಮ್ಮನ ಫೋನನ್ನು ನೋಡಿಯೂ ಎತ್ತದೆ ಕುಣಿದವಳು ನಾನು, ಅಪವಾದ ನಿನ್ನ ತಲೆಗೆ ಕಟ್ಟಿದವಳು ನಾನು, ಎಂದರೆ ಫೆಲಾ ತಾನೇ ಎದ್ದು ಹೆಸರು ಹೊಡೆದುಹಾಕುತ್ತಾಳೆ. ಕೆನ್ನೆಗೆ ಹೊಡೆದರೂ ಹೊಡೆಯಲಿ. ಆ ಕೋಣೆ ತಪ್ಪುತ್ತದೆ. ಮೂರು ವರ್ಷದಲ್ಲಿ ಎಷ್ಟು ಸಲ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿ, ಬೆಕ್ಕಿಗೆ ಬೈದೆ, ಶುಕ್ರವಾರ ಮಾಂಸ ತಿಂದೆ ಎಂದು ಹೇಳಿ ಎದ್ದು ಬಂದಿಲ್ಲ? ಈಗ ನಿಜ ಹೇಳುವ ಧೈರ್ಯ ಬಂದದ್ದು ಯಾತಕ್ಕೆ ನೋಡು, ಒಂದು ಹಡಗು ತಪ್ಪಿಸಿಕೊಳ್ಳಲಿಕ್ಕೆ! ನಾಚಿಕೆಯಾಯಿತು. ನಾಚಿಕೆಯಾದರೂ ಮನಸ್ಸು ಹಗುರಾಗುತ್ತಿತ್ತು, ರಜೆ ಸಿಕ್ಕಿದ ಹಾಗೆ.

ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಮಾರ್ಸೆಲಾ ಮೈಕಿನಲ್ಲಿ "ಹಡಗಿನ ರುಚಿ ನೋಡಿ, ಎಲ್ಲರೂ ಏಳಿ!" ಎಂದಳು. ಫೆಲಾ ಆಗಲೇ ಎದ್ದು ಕೈ ಚಾಚಿದ್ದಳು. ಗಂಡಂದಿರು ಬಾಟಲಿ ಹಿಡಿದು ಗೋಡೆಗೆ ಆತುಕೊಂಡಿರುವುದು, ಹೆಂಗಸರು ಹೆಂಗಸರೇ ಜೋಡಿಯಾಗಿ ಕುಣಿಯುವುದು ಇಲ್ಲಿ ಎಂದಿನದು. ಇವರಿಬ್ಬರಲ್ಲಿ ಗಂಡಿನ ಹೆಜ್ಜೆ ಯಾವಾಗಲೂ ಫೆಲಾಳದು. ನಲವತ್ತು ವರ್ಷ ಬ್ರೋನ್ಯಾ ಈ ಸಭಾಂಗಣವನ್ನು ಹಿಂದಕ್ಕೆ ಹೆಜ್ಜೆಯಿಡುತ್ತಲೇ ನೋಡಿದ್ದಳು. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಅವಳಿಗೆ ಕಂಡದ್ದೇ ಇಲ್ಲ, ಬಿಟ್ಟು ಬಂದದ್ದು ಮಾತ್ರ ಕಾಣುತ್ತಿತ್ತು. ಬೆನ್ನ ಮೇಲೆ ಫೆಲಾಳ ಅಗಲವಾದ ಅಂಗೈ ಕೂತಿತು. ಒಂದು ಸುತ್ತು, ಎರಡು ಸುತ್ತು. ಬೋಲೆಕ್ ಪಕ್ಕದಿಂದ "ಹೋಯ್, ಮುದುಕೀರಾ, ಗೇರ್ ಬದಲಾಯ್ಸಿ!" ಎಂದು ಕೂಗುತ್ತ ದಾಟಿಹೋದ.

"ಫೆಲಾ, ಅವತ್ತು ನನ್ನ ಫೋನು ಕೋಟಲ್ಲಿರಲಿಲ್ಲ." ಹೇಳಿಬಿಟ್ಟಳು. "ಚೀಲದಲ್ಲಿತ್ತು. ನೋಡಿದೆ. ಮನೆ ಅಂತ ಬಂತು. ನೋಡಿಯೂ ಎತ್ತಲಿಲ್ಲ."

ಫೆಲಾಳ ಹೆಜ್ಜೆ ತಪ್ಪಲಿಲ್ಲ. "ಗೊತ್ತು," ಎಂದಳು.

"ಏನ್ ಗೊತ್ತು?"

"ನೀನು ಚೀಲ ತೆಗೆದಾಗ ಪಕ್ಕದಲ್ಲೇ ಇದ್ನಲ್ಲೇ. ಇಷ್ಟು ದಪ್ಪಕ್ಕೆ ಮಿನುಗ್ತಿತ್ತು. ನನ್ ಕಣ್ಣಿಗೇನು ಪೊರೆ ಬಂದಿತ್ತಾ?"

"ಮತ್ತೆ ಯಾರು ಅಂತ ಯಾಕ್ ಕೇಳಿದೆ?"

"ನೀನು ಹೇಳ್ತೀಯೋ ಇಲ್ವೋ ಅಂತ. ಹೇಳ್ಲಿಲ್ಲ. ನಂಗೂ ಬೇಕಾಗಿದ್ದದ್ದು ಅದೇ. ಎತ್ತೇ, ನನ್ ತಮ್ಮ ಅದು, ಅನ್ನೋಕೆ ನಂಗೇನು ಬಾಯಿ ಇರ್ಲಿಲ್ವಾ?" ಅವಳು ಬ್ರೋನ್ಯಾಳನ್ನು ಕಂಬದಿಂದ ಆಚೆಗೆ ತಿರುಗಿಸಿದಳು. "ಹಾಡು ಚೆನ್ನಾಗಿತ್ತು ಕಣೇ. ನೀನೂ ಅವತ್ತು ಚೆನ್ನಾಗಿದ್ದೆ."

ಸಭಾಂಗಣ ತಿರುಗಿತು, ಮೇಜು, ಪರದೆ, ಕೋಟುಗಳ ಸಾಲು, ಮತ್ತೆ ಮೇಜು. ಮೂರು ವರ್ಷ ತಾನು ಬಚ್ಚಿಟ್ಟದ್ದನ್ನು ಇವಳು ಹೊರಗಿನಿಂದ ನೋಡುತ್ತ ಕೂತಿದ್ದಳೇ? ಹಿಮ ಬಳಿಯುವಾಗ, ಸಮಾಧಿಗೆ ನೀರು ಹಾಕುವಾಗ, ಪಿಯೆರೋಗಿ ದಾಟಿಸುವಾಗ? "ಡಾನೂಟ ಮುಂದೆ ನಿನ್ ಹೆಸರು ಹೇಳಿದ್ನಲ್ಲ," ಎಂದಳು. "ಆಗಲಾದ್ರೂ ಬಾಯಿ ಬಿಡಬಾರ್ದಿತ್ತಾ?"

"ಅಪ್ಪ ಹೋದ ದಿನವೇ ಅಮ್ಮನೂ ಹೋಗ್ಬೇಕಿತ್ತಾ ಆ ಹುಡುಗಿಗೆ? ಅತ್ತೆ ಹೋದ್ರೆ ನಡೆಯುತ್ತೆ."

"ಇವತ್ತೇ ಹೇಳ್ಬಿಡ್ತೀನಿ ಅವಳಿಗೆ."

"ಹೇಳ್ಬೇಡ!" ಬೆನ್ನ ಮೇಲಿನ ಕೈ ಗಟ್ಟಿಯಾಯಿತು. "ಅವಳ ಮಗೂಗೆ ಚರ್ಚಲ್ಲಿ ಮೊದಲ ಪ್ರಸಾದ ಕೊಡಿಸೋ ಹಬ್ಬಕ್ಕೆ ನನ್ನ ಕರೀಲಿಲ್ಲ. ಬೀದೀಲಿ ಕಂಡ್ರೆ ಆ ಕಡೆ ದಾಟ್ತಾಳೆ. ಅದನ್ನೆಲ್ಲ ನುಂಗ್ಕೊಂಡು ಕೂತಿದ್ದು ಯಾತಕ್ಕೆ, ಈಗ ನೀನು ಹೋಗಿ ಚೆಲ್ಲಿ ಬರೋಕಾ? ನಂಗೆ ಅದೆಲ್ಲ ಬೇಡ. ಒಂದೇ ಒಂದು. ಹಡಗಿಗೆ ಫೆಲಾ ಅತ್ತೆ ಜೊತೆ ಹೋಗ್ತಿದೀನಿ ಅಂತ ಅಷ್ಟ್ ಹೇಳು ಸಾಕು. ನನ್ ಹೆಸರು ಒಂದ್ ಸಲ ಅವಳ ಕಿವಿಗೆ ಬೀಳ್ಲಿ, ಬೈಗುಳ ಅಲ್ದೆ." ಸುತ್ತು ಮುಗಿಯಿತು. ಮತ್ತೆ ಅವಳೇ ಹೇಳಿದಳು, ಮೆಲ್ಲಗೆ: "ಇನ್ಯಾರ ಜೊತೆ ಮಲಗ್ಲೇ ನಾನು ಆ ಕತ್ತಲೇಲಿ? ನೀನಾದ್ರೂ ಇನ್ಯಾರ ಜೊತೆ ಮಲಗ್ತೀಯಾ?"

ವಾದ್ಯ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಇಬ್ಬರೂ ಏದುಸಿರು ಬಿಡುತ್ತ ಮೇಜಿಗೆ ಬಂದರು. ಒಂದೇ ಒಂದು ಬಾಗಿಲು ಉಳಿದಿದೆ ಎಂದು ನಂಬಿ ಬ್ರೋನ್ಯಾ ಅದನ್ನು ತೆರೆದಿದ್ದಳು. ಅದು ತೆರೆದದ್ದು ಆ ಕಿಟಕಿಯಿಲ್ಲದ ಕೋಣೆಗೇ. ಇನ್ನು ಯಾವ ನೆಪವೂ ಇಲ್ಲ, ನಿಜವೂ ಖರ್ಚಾಗಿಹೋಯಿತು. ಆದರೆ ಅಳುವಷ್ಟು ಸಮಾಧಾನವೂ ಆಗಿತ್ತು, ಅದೂ ಸುಳ್ಳಲ್ಲ. ಈ ಭೂಮಿಯ ಮೇಲೆ ತನ್ನನ್ನು ಪೂರ್ತಿ ಬಲ್ಲವಳು ಒಬ್ಬಳಿದ್ದಾಳೆ, ಬಲ್ಲವಳಾಗಿಯೂ ಪಕ್ಕದಲ್ಲಿ ಕೂತಿದ್ದಾಳೆ. ಪೆನ್ಸಿಲ್ ತೆಗೆದುಕೊಂಡು ಆರನೆಯ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದಳು. ಉಳಿದ ನಾಲ್ಕಕ್ಕೂ ಓದದೆಯೇ ಬರೆದಳು. ಫೆಲಾ ಅದನ್ನು ನೋಡಿ ಕಣ್ಣೊರೆಸಿಕೊಂಡಳು, ಬೆವರು ಎಂಬಂತೆ.

ಚೀಲ ಅದುರಿತು. ನಾಲ್ಕು ಗಂಟೆ.

ಎಂದಿನಂತೆ ಬ್ರೋನ್ಯಾ ಏಳಹೊರಟಳು. ಫೆಲಾ ಅವಳ ಮೊಣಕೈ ಮುಟ್ಟಿ, "ಇಲ್ಲೇ ಎತ್ತು," ಎಂದಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕೇಳಿಸದ ಕಿವಿಯನ್ನು ಆಚೆ ಮಾಡಿ, ಕೇಳಿಸುವುದನ್ನು ಈಚೆ ಮಾಡಿದಳು. ಅಂಥ ಮುಖವನ್ನು ಬ್ರೋನ್ಯಾ ಅವಳಲ್ಲಿ ನೋಡಿರಲಿಲ್ಲ. ಹಬ್ಬದ ದಿನ ಬಾಗಿಲ ಬಳಿ ಕೂತ ಮಕ್ಕಳ ಮುಖ.

"ಅಮ್ಮ, ಎಲ್ಲಿದೀಯಾ? ಏನದು ಗದ್ದಲ?" ಡಾನೂಟಳ ದನಿ ದಣಿದಿತ್ತು.

"ಚರ್ಚಲ್ಲಿ. ಹಡಗಿನ ವಿಷ್ಯ ಹೇಳ್ತಿದಾರೆ. ಪೋಲ್ಕಾ ಹಡಗು. ನಾನೂ ಹೋಗ್ಬೇಕಂತ ಇದೀನಿ."

"ಹೋಗಮ್ಮ! ಒಳ್ಳೇದಾಯ್ತು. ಎಷ್ಟ್ ದಿನ ಆ ಮನೇಲಿ ಒಬ್ಬಳೇ ಕೂತಿರ್ತೀಯಾ." ಆಮೇಲೆ ಬಂದ ದನಿ ಬ್ರೋನ್ಯಾಳಿಗೆ ಪರಿಚಯದ್ದು, ಆಸ್ಪತ್ರೆಯ ಗೋಡೆಗೆ ಒರಗಿದ್ದಾಗಿನದು. "ಯಾರ ಜೊತೆ?"

ಹೇಳಬೇಕಾದದ್ದು ಎರಡು ಮಾತು. ಫೆಲಾ ಅತ್ತೆ. ಅಷ್ಟೇ. ಅದನ್ನು ಹೇಳಿದರೆ ಮಗಳು 'ಅವಳ ಜೊತೆನಾ? ಅಪ್ಪನ್ನ ಕೊಂದೋಳ ಜೊತೆನಾ?' ಎನ್ನುತ್ತಾಳೆ. ಆಗ ಏನಾದರೂ ಹೇಳಲೇಬೇಕಾಗುತ್ತದೆ, ಹೇಳಿದ್ದಕ್ಕೆ ಮತ್ತೊಂದು, ಅದಕ್ಕೆ ಇನ್ನೊಂದು, ಕೊನೆಗೆ ಆ ನಾಲ್ಕು ಕರೆಗಳು. ಫೆಲಾಳ ಮುಖ ಒಂದು ಗೇಣು ದೂರದಲ್ಲಿತ್ತು. ತುಟಿಗಳು ತನ್ನ ಹೆಸರನ್ನೇ ಮೊದಲು ಹೇಳಿಕೊಡುವಂತೆ ಸ್ವಲ್ಪ ತೆರೆದಿದ್ದವು. ಬ್ರೋನ್ಯಾ ಆ ಮುಖವನ್ನೇ ನೋಡುತ್ತಿದ್ದಳು. ನೋಡುತ್ತಿದ್ದಂತೆಯೇ ಅವಳ ಬಾಯಿ, ಮತ್ತೆ, ಅವಳ ಅಪ್ಪಣೆಗೆ ಕಾಯಲಿಲ್ಲ.

"ಯಾರೂ ಇಲ್ಲ," ಎಂದಳು. "ಒಬ್ಬಳೇ."

"ಸರಿ ಬಿಡು, ಹುಷಾರು," ಎಂದಳು ಮಗಳು. ಮಕ್ಕಳ ಶಾಲೆಯ ವಿಷಯ ಏನೋ ಹೇಳಿದಳು. ಬ್ರೋನ್ಯಾ ಹೂಂಗುಟ್ಟಿದಳು. ಫೋನು ಆರಿತು.

ಫೆಲಾ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಕೊಂಡಳು. ಮೇಜಿನ ಮೇಲಿನ ಕೆಂಪು ಕಾಗದವನ್ನು ಎತ್ತಿ, ನಡುವಿನ ಗೆರೆಯ ಮೇಲೆ ಉಗುರು ಎಳೆದು, ತನ್ನ ಹುಂಜ ಹಿಂದಕ್ಕೆ ಹೋಗುವಂತೆ ಮಡಿಚಿದಳು. ಈಗ ಒಂದೇ ಹುಂಜ ಉಳಿಯಿತು. ಕೆಳಗೆ ಒಂದೇ ಹೆಸರು.

"ಬಾಗಿಲಿಗೆ ಹೀಗೆ ಅಂಟಿಸಿದ್ರಾಯ್ತು," ಎಂದಳು. "ಫೋಟೋದಲ್ಲಿ ಗೊತ್ತಾಗಲ್ಲ."

"ಫೆಲಾ..."

"ಇರ್ಲಿ ಬಿಡೇ. ಏಳು, ಹಾಡು ಶುರು ಮಾಡ್ತಿದಾರೆ." ಕಾಗದವನ್ನು ರಟ್ಟಿನ ಮಡಿಕೆಯೊಳಗೆ ಜೋಪಾನವಾಗಿ ಇಟ್ಟು, ಎರಡೂ ಹಳದಿ ಕಾರ್ಡುಗಳನ್ನು ದಾಟಿಹೋಗುತ್ತಿದ್ದ ಮಾರ್ಸೆಲಾಳ ಕೈಗೆ ಕೊಟ್ಟು, ಅವಳು ಕೈ ಚಾಚಿ ನಿಂತಳು. ಬ್ರೋನ್ಯಾ ಎದ್ದಳು. ಬೆನ್ನ ಮೇಲೆ ಆ ಅಗಲವಾದ ಕೈ ಬಂದು ಕೂತಿತು, ಎಂದಿನಷ್ಟೇ ಭಾರ, ಎಂದಿನಷ್ಟೇ ಬಿಸಿ. ಅಕಾರ್ಡಿಯನ್ನು ಉಸಿರೆಳೆದುಕೊಂಡಿತು. ಅವಳ ಕಾಲುಗಳು ಹಿಂದಕ್ಕೆ ಹೆಜ್ಜೆ ಇಡತೊಡಗಿದವು.